ಈಶಾನ್ಯದ ಮೆಟ್ಟಿಲು

ಮೊನ್ನೆ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ ನಮ್ಮ ಬೀದಿಯ ತುದಿಯಲ್ಲಿ ಹೊಸದಾಗಿ ಕಟ್ಟುತ್ತಿರುವ ಮನೆಯೆದುರು ನಿಂತುಬಿಟ್ಟೆ. ಆಗಷ್ಟೇ ನೀರು ಹೊಡೆದ ಗೋಡೆಯಿಂದ ಹಸಿ ಸಿಮೆಂಟಿನ ವಾಸನೆ ಬರುತ್ತಿತ್ತು. ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಬಂದರೆ ಜನಕ್ಕೆ ಏನೇನೋ ನೆನಪಾಗಿ ಕಣ್ಣು ತುಂಬುತ್ತದಂತೆ. ನನಗೆ ಈ ಸಿಮೆಂಟಿನ ವಾಸನೆ ಬಂದರೆ ಸಾಕು, ಸಿಟ್ಟು ನೆತ್ತಿಗೇರುತ್ತದೆ. ಅವತ್ತು ಅದರ ಜೊತೆಗೆ ಇನ್ನೊಂದು ಸೇರಿಕೊಂಡಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಮನುಷ್ಯ ಮೊಬೈಲನ್ನು ಮಂಗಳಾರತಿ ತಟ್ಟೆಯ ಹಾಗೆ ಅಂಗೈ ಮೇಲೆ ಹಿಡಿದುಕೊಂಡು ಮನೆಯ ಸುತ್ತ ತಿರುಗುತ್ತಿದ್ದ. ಮೊಬೈಲಿನಲ್ಲೇ ಈಗ ದಿಕ್ಕು ನೋಡಬಹುದಲ್ಲ. ಅವನ ಹಿಂದೆ ಮನೆ ಕಟ್ಟಿಸುತ್ತಿರುವ ಹುಡುಗ, ಹುಡುಗನ ಹಿಂದೆ ಅವನ ಹೆಂಡತಿ. ಪಾಪ, ಇನ್ನೂ ಚಿಕ್ಕ ವಯಸ್ಸಿನವರು.

“ಈ ಮೆಟ್ಟಿಲು ಇಲ್ಲಿ ಬರಬಾರದಿತ್ತು” ಎಂದ ಆ ಮನುಷ್ಯ. “ಯಜಮಾನರಿಗೆ ಒಳ್ಳೇದಲ್ಲ.”

ಆ ಹುಡುಗಿ ಗಂಡನ ಮುಖ ನೋಡಿದಳು. ಅವಳ ಆ ನೋಟ ಕಂಡಿದ್ದೇ ನನಗೆ ತಡೆಯಲಾಗಲಿಲ್ಲ. ಪರಿಚಯವಿಲ್ಲ, ಏನಿಲ್ಲ, ಗೇಟಿನ ಹೊರಗಿನಿಂದಲೇ ಕೇಳಿದೆ. “ಏನ್ರೀ, ಮೆಟ್ಟಿಲು ಎಲ್ಲಿದ್ರೆ ಯಾರು ಸಾಯ್ತಾರೆ ಅಂತ ನಿಮಗೆ ಹೆಂಗ್ರೀ ಗೊತ್ತು? ನೀವೇನು ಯಮನ ಹತ್ರ ಗುಮಾಸ್ತರಾ?”

ಮೂವರೂ ತಿರುಗಿ ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. ನನ್ನ ಗಂಡ ತೋಳು ಹಿಡಿದು ಎಳೆದುಕೊಂಡು ಬಂದರು. “ಈ ವಯಸ್ಸಲ್ಲಿ ಬೀದಿ ಜಗಳ ಬೇಕಾ ಮಾರಾಯ್ತಿ?” ಎಂದು ಮನೆಯವರೆಗೂ ಗೊಣಗಿದರು. ಬೇಕು. ಯಾರಾದರೂ ಒಬ್ಬರು ಆ ವರ್ಷ ನಮ್ಮ ಮನೆಯೆದುರು ಇಂಥದೊಂದು ಬೀದಿ ಜಗಳ ಮಾಡಿದ್ದರೆ ನಾನು ಇವತ್ತಿಗೂ ಅವರ ಕಾಲಿಗೆ ಬೀಳುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ನಾವಿದ್ದದ್ದು ಭದ್ರಾವತಿ ನ್ಯೂಟೌನಿನ ಉಕ್ಕಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾರ್ಖಾನೆಯಲ್ಲಿ ಫೋರ್‌ಮನ್. ನಾನೊಬ್ಬಳೇ ಮಗಳು. ಶಿವಮೊಗ್ಗದ ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೆ, ದಿನವೂ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿಬರುತ್ತಿದ್ದೆ. ರಿಟೈರ್ ಆಗುವುದರೊಳಗೆ ಸ್ವಂತ ಮನೆ ಆಗಬೇಕು ಎನ್ನುವುದು ಕ್ವಾರ್ಟರ್ಸಿನಲ್ಲಿರುವ ಪ್ರತಿಯೊಬ್ಬನ ಜಪ. ಅಪ್ಪ ಶಿವಮೊಗ್ಗದ ಗೋಪಾಳದ ಕಡೆ ಒಂದು ಸೈಟು ತೆಗೆದುಕೊಂಡಿದ್ದರು. ಆಗ ಅಲ್ಲಿ ಲಾಂಟಾನ ಪೊದೆ ಬಿಟ್ಟರೆ ಅಲ್ಲೊಂದು ಇಲ್ಲೊಂದು ಮನೆ. ದೀಪಾವಳಿ ಕಳೆದು ಮಳೆಯೆಲ್ಲ ಹಿಂದೆಗೆದ ಮೇಲೆ ಪಾಯ ತೆಗೆಸಿದರು.

ಎಂಜಿನಿಯರ್ ಹಾಕಿಕೊಟ್ಟ ಪ್ಲಾನನ್ನು ಅಪ್ಪ ಚಾಪೆಯ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, “ಏನೇನು ಬೇಕು ಈಗಲೇ ಹೇಳಿಬಿಡಿ, ಆಮೇಲೆ ತಕರಾರು ನಡೆಯಲ್ಲ” ಎಂದಿದ್ದರು. ನಾನು ನನಗೊಂದು ಪ್ರತ್ಯೇಕ ಕೋಣೆ, ಅದಕ್ಕೊಂದು ಕಿಟಕಿ, ಕಿಟಕಿಗೊಂದು ಕಟ್ಟೆ ಎಂದು ಉದ್ದಕ್ಕೆ ಹೇಳಿದೆ. ಅಮ್ಮ ಬಹಳ ಹೊತ್ತು ಆ ಗೆರೆಗಳನ್ನು ನೋಡಿ, “ಮಾಳಿಗೆ ಮೆಟ್ಟಿಲು ಎಲ್ಲಿ ಬರುತ್ತೆ?” ಎಂದಳು. ಮುಂದೆ, ರಸ್ತೆ ಕಡೆಗೆ ಎಂದರು ಅಪ್ಪ.

“ಹಿಂದೆ ಮಾಡಕ್ಕಾಗಲ್ವಾ? ಅಡುಗೆಮನೆ ಹಿತ್ತಿಲ ಬಾಗಿಲಿನ ಪಕ್ಕದಲ್ಲಿ? ಒಗೆದ ಬಟ್ಟೆ, ಸಂಡಿಗೆ ಹಿಟ್ಟು ಎಲ್ಲ ಹೊತ್ಕೊಂಡು, ಬಂದೋರ ಮುಂದೆಲ್ಲ ಹಾದು, ಬೀದೀಲಿ ಹತ್ತಬೇಕಾಗುತ್ತಲ್ಲ ರೀ.”

ಕ್ವಾರ್ಟರ್ಸಿನದು ಹೆಂಚಿನ ಮಾಡು. ಅಮ್ಮ ಮದುವೆಯಾಗಿ ಬಂದಾಗಿನಿಂದ ಪ್ರತಿ ಬೇಸಿಗೆಯೂ ಅಂಗಳದಲ್ಲಿ ಮಂಚ ಹಾಕಿ, ಅದರ ಮೇಲೆ ಪಂಚೆ ಹಾಸಿ ಸಂಡಿಗೆ ಇಡುವುದು, ಪಕ್ಕದ ಮನೆಯ ತಮಿಳರ ಹಸು ಬಂದು ಅರ್ಧ ತಿಂದು ಹೋಗುವುದು, ಆಮೇಲೆ ಎರಡು ಭಾಷೆಯಲ್ಲಿ ಜಗಳ. ಅವಳಿಗೆ ಬೇಕಿದ್ದದ್ದು ಯಾವ ಹಸುವೂ ಹತ್ತದ ಒಂದು ತಾರಸಿ, ಅದಕ್ಕೆ ಹತ್ತಲು ತನ್ನದೇ ಒಂದು ದಾರಿ. ಅಷ್ಟೇ. ಗ್ರಾನೈಟು ಕೇಳಲಿಲ್ಲ, ದೇವರ ಮನೆಗೆ ತೇಗದ ಬಾಗಿಲು ಕೇಳಲಿಲ್ಲ. ಅಪ್ಪ ಪೆನ್ಸಿಲ್ ತೆಗೆದು ಮುಂದಿನ ಮೆಟ್ಟಿಲಿನ ಮೇಲೆ ಗೀಟು ಹೊಡೆದು, ಹಿಂದಿನ ಮೂಲೆಯಲ್ಲಿ ಹೊಸದು ಬರೆದರು. ಆ ಮೂಲೆ ಈಶಾನ್ಯ ಎಂದು ನಮಗ್ಯಾರಿಗೂ ಹೊಳೆಯಲೂ ಇಲ್ಲ.

ಮೇಸ್ತ್ರಿ ಬಾಷಾ ಎಂಬವರು. ಕೆಲಸಕ್ಕಿಂತ ಒಂದು ತೂಕ ಹೆಚ್ಚೇ ಮಾತು. ಮೆಟ್ಟಿಲು ಕಟ್ಟುವಾಗ ಅಪ್ಪ ಅಲ್ಲೇ ನಿಂತು, “ಎತ್ತರ ಕಮ್ಮಿ ಮಾಡಿ ಬಾಷಾ, ನಮ್ಮನೆಯೋರಿಗೆ ಮಂಡಿ ನೋವು” ಎಂದರು. ಬಾಷಾ, “ಹಂಗೆ ಮಾಡಿದ್ರೆ ಮೆಟ್ಟಿಲು ಜಾಸ್ತಿ ಆಗ್ತಾವೆ ಸಾರ್, ಹಿತ್ತಿಲೆಲ್ಲ ಮೆಟ್ಟಿಲೇ ಆಗೋಗುತ್ತೆ” ಎಂದು ನಕ್ಕರು. ಆಗಲಿ ಬಿಡಿ ಎಂದರು ಅಪ್ಪ. ಅಮ್ಮ ದೂರದಲ್ಲಿ ಗೋಡೆಗೆ ನೀರು ಹೊಡೆಯುತ್ತಿದ್ದಳು, ಕೇಳಿಸಿಯೂ ಕೇಳಿಸದ ಹಾಗೆ ಇದ್ದಳು. ಅವತ್ತು ಅವಳಿಗಾದ ಖುಷಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಈ ಸಿಟ್ಟು.

ಇನ್ನು ದೊಡ್ಡಪ್ಪ. ಅಪ್ಪನ ಅಣ್ಣ. ಓಲ್ಡ್ ಟೌನಿನಲ್ಲಿ ಹಾರ್ಡ್‌ವೇರ್ ಅಂಗಡಿ. ತಾತ ಬೇಗ ಹೋದದ್ದರಿಂದ ಅಪ್ಪನನ್ನು ಓದಿಸಿ ಕೆಲಸಕ್ಕೆ ಸೇರಿಸಿದವರು ಅವರೇ. ಅದನ್ನು ಅವರು ಒಂದು ದಿನವೂ ಮರೆಯಲಿಲ್ಲ, ನಮಗೂ ಮರೆಯಲು ಬಿಡಲಿಲ್ಲ. ಅವರು ಬಂದರೆ ಅಪ್ಪ ಕುರ್ಚಿ ಬಿಟ್ಟು ಏಳುತ್ತಿದ್ದರು. ನನಗೆ ಹೆಸರಿಟ್ಟವರೂ ಅವರೇ, ನಾನು ಸೈನ್ಸ್ ಓದಬಾರದು ಎಂದು ತೀರ್ಮಾನಿಸಿದವರೂ ಅವರೇ. ನಮ್ಮ ಮನೆಯಲ್ಲಿ ಅವರದು ಸುಪ್ರೀಂ ಕೋರ್ಟು, ಮೇಲೆ ಅಪೀಲಿಲ್ಲ.

ಆ ವರ್ಷಗಳಲ್ಲಿ ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ವಾಸ್ತುವಿನ ಜ್ವರ ಎದ್ದಿತ್ತು. ಚೆನ್ನಾಗಿದ್ದ ಬಾಗಿಲು ಮುಚ್ಚಿಸಿ ಕಿಟಕಿ ಒಡೆದು ಬಾಗಿಲು ಮಾಡುವವರು, ಬಾವಿ ಹೂಳುವವರು, ಕಕ್ಕಸು ಊರೆಲ್ಲ ಸುತ್ತಿಸುವವರು. ಇನ್ನೇನು ಸೂರಿಗೆ ಮೋಲ್ಡ್ ಹಾಕಬೇಕು ಎನ್ನುವಾಗ ದೊಡ್ಡಪ್ಪ ಒಬ್ಬ ವಾಸ್ತುವಿನವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸೈಟಿಗೆ ಬಂದರು. ಆ ಪುಣ್ಯಾತ್ಮ ಹಿಂದಿನ ವರ್ಷದವರೆಗೂ ಇನ್ಶೂರೆನ್ಸ್ ಪಾಲಿಸಿ ಮಾಡಿಸಿಕೊಂಡಿದ್ದವನು. ಸಾವಿನ ಭಯ ಮಾರುವುದು ಅವನಿಗೆ ಹೊಸ ವ್ಯಾಪಾರವೇನೂ ಆಗಿರಲಿಲ್ಲ. ಜೇಬಿನಿಂದ ದಿಕ್ಸೂಚಿ ತೆಗೆದು ಸುತ್ತಿದ, ಹಿತ್ತಿಲಿಗೆ ಬಂದವನೇ ನಿಂತ.

“ಈಶಾನ್ಯದಲ್ಲಿ ಮೆಟ್ಟಿಲಾ? ಯಾರು ಹೇಳಿದ್ದು ಇದನ್ನ?”

ಅಮ್ಮನ ಕೈಯಲ್ಲಿದ್ದ ಪೈಪಿನಿಂದ ನೀರು ಹಾಗೇ ಹರಿಯುತ್ತಿತ್ತು.

“ಈಶ್ವರನ ಮೂಲೆ ಇದು. ಇಲ್ಲಿ ಭಾರ ಇಟ್ರೆ ಯಜಮಾನನ ತಲೆ ಮೇಲೇ ಇಟ್ಟ ಹಾಗೆ. ಒಡೆಸಿ.”

ದೊಡ್ಡಪ್ಪ, “ಕೇಳ್ದ್ಯೇನೋ?” ಎಂದರು. ಅಮ್ಮ ಕೂಡಲೇ, “ರೀ, ಬೇಡ ಅಂದ್ರೆ ಬೇಡ ಬಿಡಿ. ಮುಂದೇನೇ ಮಾಡಿಸಿ, ನಾನು ಹೆಂಗೋ ಹತ್ಕೋತೀನಿ” ಎಂದಳು. ಇದನ್ನು ನಾನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅಮ್ಮ ಹಟ ಮಾಡಲಿಲ್ಲ. ಬೇಡ ಎಂದವಳು ಅವಳೇ. ನಕ್ಕವರು ಅಪ್ಪ.

“ದಿನಾ ಕುಲುಮೆ ಮುಂದೆ ನಿಂತು ಬರೋನು ನಾನು ಸ್ವಾಮಿ. ಈ ಮೆಟ್ಟಿಲಿನ ಭಾರ ನನ್ನ ತಲೆ ತಡ್ಕೊಳ್ಳುತ್ತೆ” ಎಂದು, ಅವನಿಗೆ ಕಾಫಿ ಕುಡಿಸಿ ಕಳಿಸಿದರು. ದೊಡ್ಡಪ್ಪನ ಮಾತನ್ನು ಅಪ್ಪ ಮೀರಿದ್ದು ಜೀವಮಾನದಲ್ಲಿ ಅದೇ ಮೊದಲು, ಅದೇ ಕೊನೆ. ದೊಡ್ಡಪ್ಪ ಕಾಫಿ ಲೋಟ ಮುಟ್ಟದೆ ಸ್ಕೂಟರ್ ಹತ್ತಿದರು.

ಮೋಲ್ಡಿನ ದಿನಕ್ಕೆ ಮಾತ್ರ ಬಂದರು. ಬರದಿದ್ದರೆ ಯಜಮಾನಿಕೆ ಕೈತಪ್ಪಿ ಹೋಗುತ್ತದಲ್ಲ. ಸುಡು ಬೇಸಿಗೆ. ಬೆಳಿಗ್ಗೆ ಮಿಕ್ಸರ್ ಮೆಷಿನ್ನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಶುರುಮಾಡಿದ್ದು. ಆ ಮೆಷಿನ್ನಿನ ಸದ್ದಿನಲ್ಲಿ ಪಕ್ಕದಲ್ಲಿದ್ದವರ ಮಾತೂ ಕೇಳಿಸುತ್ತಿರಲಿಲ್ಲ. ಕೂಲಿಯವರು ಕಾಂಕ್ರೀಟಿನ ಬಾಂಡ್ಲಿ ಹೊತ್ತು ಅದೇ ಹಿತ್ತಿಲ ಮೆಟ್ಟಿಲಿನ ಮೇಲೆ ಸಾಲಾಗಿ ಹತ್ತುತ್ತಿದ್ದರು. ನಾನೂ ಅಮ್ಮನೂ ಸಿಮೆಂಟ್ ಇಡುವ ಶೆಡ್ಡಿನಲ್ಲಿ ಒಲೆ ಹೂಡಿ ಎಲ್ಲರಿಗೂ ಅಡುಗೆ ಮಾಡುತ್ತಿದ್ದೆವು. ಮೋಲ್ಡಿನ ದಿನ ಕೆಲಸದವರಿಗೆ ಸಿಹಿಯೂಟ ಹಾಕಬೇಕು, ಅದು ಪದ್ಧತಿ.

ಮಧ್ಯಾಹ್ನ ನೀರು ಕೊಡಲು ಹೋದಾಗ ಅಪ್ಪ ಮರಳಿನ ಗುಡ್ಡೆಯ ಮೇಲೆ ಕೂತು ಅಂಗೈಯಿಂದ ಎದೆ ಉಜ್ಜಿಕೊಳ್ಳುತ್ತಿದ್ದರು. ಬಿಸಿಲಿಗೆ ಎಲ್ಲರೂ ಬೆವರಿದ್ದರು, ಆದರೆ ಅಪ್ಪನ ಬೆವರು ಬೇರೆ ಥರ ಇತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

“ಏನಾಯ್ತಪ್ಪಾ?”

“ಎದೆ ಹಿಡಿದಂಗೆ ಆಗ್ತಿದೆ ಕಣೇ. ಎಡಗೈ ಯಾಕೋ ಭಾರ.”

ನಾನು ಬಾಯಿ ತೆಗೆಯುವ ಮೊದಲೇ ದೊಡ್ಡಪ್ಪ ಹಿಂದಿನಿಂದ, “ಗ್ಯಾಸು ಮಾರಾಯ! ಬೆಳಿಗ್ಗೆ ಖಾಲಿ ಹೊಟ್ಟೇಲಿ ಕಾಫಿ ಮೇಲೆ ಕಾಫಿ ಕುಡಿದ್ರೆ ಇನ್ನೇನಾಗುತ್ತೆ?” ಎಂದರು. ಸರ್ಕಲ್ಲಿನ ಅಂಗಡಿಗೆ ಆಳು ಓಡಿಸಿ ಸೋಡಾ ತರಿಸಿದರು. ಉಪ್ಪು, ನಿಂಬೆರಸ ಹಾಕಿ ತಾವೇ ಕುಡಿಸಿದರು. ಅಪ್ಪ ತೇಗಿದರು. “ನೋಡಿದ್ಯಾ, ಹೋಯ್ತು!” ಎಂದು ದೊಡ್ಡಪ್ಪ ಬೆನ್ನು ತಟ್ಟಿದರು. ಅಲ್ಲಿದ್ದವರೆಲ್ಲ ನಕ್ಕರು. ನಮ್ಮ ಜನಕ್ಕೆ ಎದೆಯಲ್ಲಿ ಹೃದಯ ಅಂತ ಒಂದು ಇದೆಯೆಂದೇ ಗೊತ್ತಿಲ್ಲ. ಕುತ್ತಿಗೆಯಿಂದ ಹೊಟ್ಟೆಯವರೆಗೆ ಎಲ್ಲಿ ನೋವು ಬಂದರೂ ಗ್ಯಾಸು, ಗ್ಯಾಸಿಗೆ ಸೋಡಾ. ಸೋಡಾ ಕುಡಿದು ತೇಗು ಬಂದರೆ ಆಪರೇಷನ್ ಸಕ್ಸಸ್.

ಡಾಕ್ಟರ ಹತ್ತಿರ ಹೋಗೋಣ ಎಂದೆ. ಅಮ್ಮನೂ ಬಂದು, “ಒಂದ್ಸಲ ತೋರಿಸ್ಕೊಂಡು ಬನ್ರೀ” ಎಂದಳು.

“ಮೋಲ್ಡ್ ಅರ್ಧಕ್ಕೆ ಬಿಟ್ಟು ಯಜಮಾನ ಎದ್ದು ಹೋಗ್ತಾನೇನಮ್ಮಾ?” ಎಂದು ದೊಡ್ಡಪ್ಪ ನಮ್ಮಿಬ್ಬರನ್ನೂ ಗದರಿದರು. “ಸೂರು ಮುಚ್ಚೋ ಹೊತ್ತಲ್ಲಿ ಅಪಶಕುನ ಮಾಡ್ತೀರಾ? ಹೋಗಿ ಪಾಯಸ ನೋಡ್ಕೊಳ್ಳಿ.”

ಅಪ್ಪನಿಗೆ ಅಣ್ಣನ ಮಾತನ್ನು ಎರಡನೇ ಸಲ ಮೀರುವ ಧೈರ್ಯ ಇರಲಿಲ್ಲ ಎಂದೇ ನಾನು ನಂಬಿದ್ದೇನೆ. ಮೊನ್ನೆಯಷ್ಟೇ ಮೀರಿ ಕಾಫಿ ಲೋಟ ಹಾಗೇ ಉಳಿದಿತ್ತಲ್ಲ. “ಮುಗೀಲಿ, ಸಂಜೆ ಹೋದ್ರಾಯ್ತು” ಎಂದರು.

ಸಂಜೆಗೆ ಮೋಲ್ಡ್ ಮುಗಿಯಿತು. ಕೆಲಸದವರು ಕೈಕಾಲು ತೊಳೆದು ಎಲೆಯ ಮುಂದೆ ಕೂತರು. ಅಪ್ಪ ಹಟ ಮಾಡಿ ಪಾಯಸದ ಬಕೆಟ್ಟು ಹಿಡಿದರು. ಒಂದು ಸಾಲು ಬಡಿಸಿದರು. ಎರಡನೇ ಸಾಲಿನ ನಡುವೆ ಬಕೆಟ್ಟನ್ನು ಮೆಲ್ಲಗೆ ನೆಲಕ್ಕಿಟ್ಟು, ಗೋಡೆಗೆ ಒರಗಿ ಕೂತರು. ಆಮೇಲೆ ಏಳಲಿಲ್ಲ. ಬಾಷಾ ಎಲೆ ಬಿಟ್ಟು ಎದ್ದು ಬಂದು, ಎಂಜಲು ಕೈಯಲ್ಲೇ ಎತ್ತಿ ಆಟೋದಲ್ಲಿ ಮಲಗಿಸಿದರು. ಆಸ್ಪತ್ರೆ ತಲುಪುವುದರೊಳಗೆ ಎಲ್ಲ ಮುಗಿದಿತ್ತು. ಡಾಕ್ಟರು ಯಾವಾಗಿನಿಂದ ನೋವಿತ್ತು ಎಂದು ಕೇಳಿದರು. ಹೇಳಿದೆ. “ಮಧ್ಯಾಹ್ನವೇ ಕರೆದುಕೊಂಡು ಬರಬೇಕಿತ್ತಮ್ಮ. ಹಾರ್ಟ್ ಅಟ್ಯಾಕ್. ಆಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು” ಎಂದರು. ದೊಡ್ಡಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಕೇಳಿಸಿಕೊಂಡದ್ದನ್ನೇ ಅವರೂ ಕೇಳಿಸಿಕೊಂಡರು.

ಮಣ್ಣು ಮಾಡಿ ಬಂದ ಮಾರನೆಯ ದಿನವೇ ಬಾಷಾ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು. “ತಪ್ಪು ತಿಳೀಬೇಡಿ ಅಮ್ಮಾ. ಮೋಲ್ಡಿಗೆ ನೀರು ಕಟ್ಟಬೇಕು. ಈ ಬಿಸಿಲಿಗೆ ಬಿರುಕು ಬಿಟ್ಬಿಡುತ್ತೆ.” ಸತ್ತವರಿಗೆ ಅಳಲು ಕಾಂಕ್ರೀಟು ರಜೆ ಕೊಡುವುದಿಲ್ಲ. ನಾನು ಬಸ್ಸು ಹತ್ತಿ ಹೋದೆ. ಮೆಟ್ಟಿಲು ಹತ್ತಿ ಮೋಲ್ಡಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನಿಲ್ಲಿಸಿದ ನೀರಿಗೆ ಮತ್ತೆ ನೀರು ತುಂಬಿದೆ. ಅವತ್ತಿನಿಂದ ಅದು ನನ್ನ ಕೆಲಸವಾಯಿತು. ಕೆಲವು ದಿನ ಕಳೆದ ಮೇಲೆ ಅಮ್ಮನೂ ಬರತೊಡಗಿದಳು. ಕೆಳಗೆ ಗೋಡೆಗಳಿಗೆ ಅವಳು ನೀರು ಹೊಡೆಯುತ್ತಿದ್ದಳು, ಮೇಲೆ ನಾನು.

ಅಷ್ಟರಲ್ಲಿ ಮಾತು ಎದ್ದಿತ್ತು. ಎಲ್ಲಿಂದ ಎದ್ದಿತು ಎಂದು ಹೇಳಲು ದಿಕ್ಸೂಚಿ ಬೇಕಿಲ್ಲ. ಅಪ್ಪನ ಶಿವಗಣಾರಾಧನೆಯ ದಿನ ನೆಂಟರೆಲ್ಲ ಸೇರಿದ್ದರು. ಊಟ ಮುಗಿದು ಎಲೆ ಅಡಿಕೆ ಹಾಕುವ ಹೊತ್ತಿಗೆ ದೊಡ್ಡಮ್ಮ, “ಇಂಥ ಹೊತ್ತಲ್ಲಿ ಹೇಳಬಾರದು, ಆದ್ರೂ...” ಎಂದು ಶುರುಮಾಡಿದಳು. ಹೇಳಬಾರದು ಎನ್ನುವವರು ಹೇಳದೆ ಬಿಟ್ಟದ್ದನ್ನು ನಾನು ಈ ಭೂಮಿಯ ಮೇಲೆ ಕಂಡಿಲ್ಲ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು.

“ಅವರು ಅವತ್ತೇ ಹೇಳಿದ್ರು, ಯಜಮಾನನ ತಲೆಗೆ ಬರುತ್ತೆ ಅಂತ. ನನ್ನ ತಮ್ಮ ನನ್ನ ಮಾತು ಕೇಳಿದ್ದಿದ್ರೆ ಇವತ್ತು ಇಲ್ಲಿ ಕೂತಿರ್ತಿದ್ದ. ಏನು ಮಾಡೋದು, ಹೆಂಡತಿ ಆಸೆ ಪಟ್ಲು ಅಂತ ಮೆಟ್ಟಿಲು ಹಾಕಿಸ್ದ.”

ಒಳಗೆ ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ನಡುಮನೆಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಒಳಕ್ಕೆ ಕತ್ತು ತಿರುಗಿಸಿ ಅವಳನ್ನು ನೋಡಿದರು. ಗಂಡ ಸತ್ತವಳನ್ನು ನೋಡುವ ನೋಟ ಅದಾಗಿರಲಿಲ್ಲ. ಗಂಡನನ್ನು ಕೊಂದವಳನ್ನು ನೋಡುವ ನೋಟ.

ನನಗೆ ಅಲ್ಲಿಂದಾಚೆ ಏನೂ ಕಾಣಲಿಲ್ಲ. “ಸೋಡಾ ಕುಡಿಸಿದ್ದು ಯಾರು ದೊಡ್ಡಪ್ಪಾ?” ಎಂದು ಕಿರುಚಿದೆ. “ಡಾಕ್ಟರು ಹೇಳಿದ್ದು ನಿಮಗೂ ಕೇಳಿಸಿತ್ತಲ್ಲ? ಹೇಳಿ ಇವರಿಗೆಲ್ಲ! ಮಧ್ಯಾಹ್ನವೇ ಕರ್ಕೊಂಡು ಹೋಗಿದ್ರೆ ಬದುಕ್ತಿದ್ರು ಅಂತ ಹೇಳಿ!”

ದೊಡ್ಡಪ್ಪನ ಮುಖದಲ್ಲಿ ಒಂದು ಕ್ಷಣ ಭಯ ಹಾದುಹೋದದ್ದನ್ನು ನಾನು ನೋಡಿದೆ. ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಆ ಮೆಟ್ಟಿಲಿನ ಹಿಂದೆ ಅಡಗಿದ್ದರು. ಆದರೆ ಒಳಗಿನಿಂದ ಎದ್ದು ಬಂದ ಅಮ್ಮ ನನ್ನ ಕೆನ್ನೆಗೆ ಬಾರಿಸಿದಳು. “ದೊಡ್ಡೋರ ಜೊತೆ ಹಂಗಾ ಮಾತಾಡೋದು? ಕಾಲಿಗೆ ಬೀಳು.” ನಾನು ಬೀಳಲಿಲ್ಲ. ಎಂದೂ ಬೀಳಲಿಲ್ಲ. ವರ್ಷಗಳ ಮೇಲೆ ದೊಡ್ಡಪ್ಪನಿಗೂ ಹೀಗೇ ಎದೆ ಹಿಡಿದುಕೊಂಡಿತು. ಆಗ ಯಾರೂ ಸೋಡಾ ತರಲು ಓಡಲಿಲ್ಲ. ಮಕ್ಕಳು ಕಾರಿನಲ್ಲಿ ಹಾಕಿಕೊಂಡು ನೇರ ಆಸ್ಪತ್ರೆಗೆ ಹೋದರು. ಉಳಿದುಕೊಂಡರು, ಚೆನ್ನಾಗಿಯೇ ಬಾಳಿದರು.

ಆ ವಾಸ್ತುವಿನವನ ಅದೃಷ್ಟ ಖುಲಾಯಿಸಿತು. “ಗೋಪಾಳದಲ್ಲಿ ಒಬ್ಬರಿಗೆ ಹೇಳ್ದೆ, ಕೇಳಲಿಲ್ಲ, ಮೋಲ್ಡಿನ ದಿನವೇ ಹೋದ್ರು” ಎಂದು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದ. ನನ್ನ ಅಪ್ಪನ ಸಾವು ಅವನ ಅಂಗಡಿಗೆ ಬೋರ್ಡಾಯಿತು. ಆ ವರ್ಷ ಎಷ್ಟು ಮನೆಗಳ ಮೆಟ್ಟಿಲು ಒಡೆಸಿದನೋ. ಮಳೆಗಾಲದ ಹೊತ್ತಿಗೆ ಅವನ ಹತ್ತಿರ ಕಾರು ಬಂತು.

ಮಳೆ ಹಿಡಿಯಿತು, ಕೆಲಸ ನಿಂತಿತು. ಗಾಜನೂರು ಡ್ಯಾಮು ತುಂಬಿತೆಂದು ಜನ ಕುಟುಂಬ ಸಮೇತ ನೋಡಲು ಹೋಗುತ್ತಿದ್ದರು. ನಾವು ಬಾಗಿಲಿಲ್ಲದ ಆ ಮನೆಯೊಳಗೆ ನಿಂತು ಎಲ್ಲೆಲ್ಲಿ ನೀರು ನುಗ್ಗುತ್ತಿದೆ ನೋಡುತ್ತಿದ್ದೆವು. ಕಾರ್ಖಾನೆಯವರು ಕ್ವಾರ್ಟರ್ಸ್ ಬಿಡಲು ಗಡುವು ಕೊಟ್ಟಿದ್ದರು. ಆ ಮನೆ ಆಗಿಬರಲ್ಲ, ಮಾರಿಬಿಡು ಎಂದು ದೊಡ್ಡಪ್ಪ ಹೇಳಿ ಕಳಿಸಿದರು. ಮಾರುವುದಿಲ್ಲ ಎಂದಳು ಅಮ್ಮ. ಹಾಗಾದರೆ ಮೆಟ್ಟಿಲನ್ನಾದರೂ ಒಡೆಸು ಎಂದರು. ಅದಕ್ಕೆ ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸೋದರತ್ತೆ ಬಂದು ಅತ್ತು ಹೇಳಿದರು. ಮನೆದೇವರ ಗುಡಿಯ ಅಯ್ಯನವರಿಂದ ಹೇಳಿಸಿದರು. ನನ್ನ ಮದುವೆಗೆ ಸಂಬಂಧ ಕೂಡಿಬರುವುದಿಲ್ಲ ಎಂದು ಹೆದರಿಸಿದರು. ಅಮ್ಮ ಎಲ್ಲರಿಗೂ ಕಾಫಿ ಕೊಟ್ಟಳು, ಎಲ್ಲರ ಮಾತನ್ನೂ ಕೇಳಿದಳು, ಮಾರನೆಯ ದಿನ ಬಸ್ಸು ಹತ್ತಿ ಸೈಟಿಗೆ ಹೋದಳು.

ದಸರಾ ಕಳೆದು ಪ್ಲಾಸ್ಟರಿಂಗ್ ಶುರುವಾದ ದಿನಗಳು. ಒಂದು ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ದೊಡ್ಡಪ್ಪನ ಸ್ಕೂಟರು ಗೇಟಿನ ಹತ್ತಿರ ನಿಂತಿತ್ತು. ಹಿತ್ತಿಲಿನಲ್ಲಿ ಬಾಷಾ, ಜೊತೆಗೆ ಸಮ್ಮಟಿಗೆ ಹಿಡಿದ ಇಬ್ಬರು ಆಳುಗಳು. ನಾನು ಬಾಷಾ ಅವರನ್ನೇ ತರಾಟೆಗೆ ತೆಗೆದುಕೊಂಡೆ.

“ನಂದೇನಿದೆ ತಾಯಿ?” ಎಂದರು ಬಾಷಾ. “ಕಟ್ಟು ಅಂದ್ರೆ ಕಟ್ತೀನಿ, ಒಡಿ ಅಂದ್ರೆ ಒಡೀತೀನಿ. ನಿಮ್ಮ ನಿಮ್ಮಲ್ಲೇ ಬಗೆಹರಿಸ್ಕೊಂಡು ಒಂದು ಹೇಳಿಬಿಡಿ, ಬಿಸಿಲು ಏರ್ತಾ ಇದೆ.”

“ಶುರು ಮಾಡೋ” ಎಂದರು ದೊಡ್ಡಪ್ಪ ಆಳುಗಳಿಗೆ.

ಅಮ್ಮ ಹೋಗಿ ಮೆಟ್ಟಿಲಿನ ಮುಂದೆ ನಿಂತಳು. ಭಾವನ ಎದುರು ಅವಳು ಸೆರಗು ಸರಿಮಾಡಿಕೊಳ್ಳದೆ ನಿಂತದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

“ಬೇಡ ಭಾವ. ಅವರು ನಿಂತು ಕಟ್ಟಿಸಿದ್ದು ಇದು. ಒಂದು ಇಟ್ಟಿಗೆನೂ ತೆಗೆಯಕ್ಕೆ ನಾನು ಬಿಡಲ್ಲ.”

“ನಿನಗೆ ಇನ್ನೂ ಬುದ್ಧಿ ಬಂದಿಲ್ವಾ ಗಿರಿಜಾ? ನನ್ನ ತಮ್ಮನ್ನ ತಿಂದ್ಕೊಂಡಿದ್ದು ಸಾಲದಾ?”

“ಏನಾದ್ರೂ ಅನ್ಕೊಳ್ಳಿ. ಮೆಟ್ಟಿಲು ಇರುತ್ತೆ.”

ದೊಡ್ಡಪ್ಪ ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಹೋದರು. ತುಳಿಯಲಿಲ್ಲ. ಆ ಮಟ್ಟಿಗೆ ಆ ಮೆಟ್ಟಿಲಿನಿಂದ ನಮಗೆ ಉಪಕಾರವೇ ಆಯಿತು. ನಾನು ಅವತ್ತು ಅಮ್ಮನನ್ನು ತಬ್ಬಿಕೊಂಡು ಹಿತ್ತಿಲಲ್ಲೇ ಕುಣಿದೆ. ಗೆದ್ದೆವು ಎಂದುಕೊಂಡೆ. ಅಮ್ಮ ನಗಲಿಲ್ಲ. ಸುಣ್ಣದ ಕೆಲಸಕ್ಕೆ ಹೇಳಬೇಕಲ್ಲ ಎಂದು ಬೇರೆ ಮಾತು ತೆಗೆದಳು.

ಚಳಿ ಇಳಿಯುವ ಹೊತ್ತಿಗೆ ಹಾಲುಕ್ಕಿಸಿ ಒಳಗೆ ಬಂದೆವು. ಬಂದ ನೆಂಟರು ನಡುಮನೆ ನೋಡಲಿಲ್ಲ, ನನ್ನ ಕೋಣೆಯ ಕಿಟಕಿ ಕಟ್ಟೆ ನೋಡಲಿಲ್ಲ. ಒಬ್ಬೊಬ್ಬರೇ ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಆ ಮೆಟ್ಟಿಲನ್ನು ನೋಡಿ ಬಂದರು, ಹೆಣ ನೋಡಲು ಹೋದವರ ಹಾಗೆ ಮುಖ ಮಾಡಿಕೊಂಡು. ಅವರ ಎಲೆಗೆ ಹೋಳಿಗೆ ಬಡಿಸುವಾಗ ನನಗೆ ತುಪ್ಪದ ಬದಲು ಇನ್ನೇನಾದರೂ ಸುರಿಯುವ ಹಾಗಾಗುತ್ತಿತ್ತು. ಅಮ್ಮ ಮಾತ್ರ ಎಲ್ಲರನ್ನೂ ಉಪಚರಿಸಿ ಕಳಿಸಿದಳು.

ಬೇಸಿಗೆ ಬಂತು. ನನ್ನ ಪರೀಕ್ಷೆ ಮುಗಿದಿತ್ತು. ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಅಮ್ಮ ಸಂಡಿಗೆ ಹಿಟ್ಟು ಕಾಯಿಸಿ, ಮುಂದಿನ ಅಂಗಳದಲ್ಲಿ ಮಂಚ ಎಳೆದು ಪಂಚೆ ಹಾಸುತ್ತಿದ್ದಾಳೆ. ಗೇಟು ತೆರೆದೇ ಇತ್ತು. ನನಗೆ ನಗು ಬಂತು.

“ಏನಮ್ಮಾ ಇದು, ಇಲ್ಲಿ ಹಾಕ್ತಿದ್ದೀಯಲ್ಲ? ಮೇಲೆ ಹಾಕೋಣ ಬಾ. ಯಾವ ಹಸು ಬರುತ್ತೋ ನೋಡೇಬಿಡೋಣ.”

“ಬೇಕಾದ್ರೆ ನೀನು ತಗೊಂಡು ಹೋಗಿ ಹಾಕು.”

“ನೀನು ಬಾ. ನಂಗೆ ನಿನ್ನಷ್ಟು ಗುಂಡಗೆ ಹಾಕಕ್ಕೆ ಬರಲ್ಲ.”

“ನಾನು ಅದನ್ನ ಹತ್ತಲ್ಲ ಕಣೇ.”

ಮಂಡಿ ನೋವಾ ಎಂದೆ. ಅಲ್ಲ ಎಂದಳು. ಪಂಚೆಯ ಅಂಚು ಮಂಚದ ಕಾಲಿಗೆ ಕಟ್ಟುತ್ತಲೇ ಇದ್ದಳು, ನನ್ನ ಕಡೆ ನೋಡಲಿಲ್ಲ. ಆಗ ನನಗೆ ಹೊಳೆಯಿತು. ಅಪ್ಪ ಹೋದಾಗಿನಿಂದ ಅಮ್ಮ ಒಂದು ಸಲವೂ ಆ ಮೆಟ್ಟಿಲಿನ ಮೇಲೆ ಕಾಲಿಟ್ಟಿರಲಿಲ್ಲ. ಬಟ್ಟೆಯನ್ನೂ ನನ್ನ ಕೈಲೇ ಕಳಿಸುತ್ತಿದ್ದಳು.

“ಅಮ್ಮಾ, ಅದು ಹಾರ್ಟ್ ಅಟ್ಯಾಕ್. ಡಾಕ್ಟರು ನನಗೆ ಹೇಳಿದ್ರು. ನಿನಗೂ ಎಷ್ಟು ಸಲ ಹೇಳಿದ್ದೀನಿ.”

“ಗೊತ್ತು.”

“ಗೊತ್ತಿದ್ದೂ?”

“ಗೊತ್ತಿದ್ದೂ. ನಾನು ಕೇಳದೇ ಇದ್ದಿದ್ರೆ ಅವರು ಹಾಕಿಸ್ತಿರಲಿಲ್ಲ ಅಲ್ವಾ? ಆಸೆ ಪಟ್ಟೋಳು ನಾನು ತಾನೇ.”

ನನಗೆ ಮೈಯೆಲ್ಲ ಉರಿದುಹೋಯಿತು. “ಹಂಗಾದ್ರೆ ಒಡೆಸಬೇಕಿತ್ತು! ದೊಡ್ಡಪ್ಪ ಸಮ್ಮಟಿಗೆ ತಂದಾಗ ಯಾಕೆ ಅಡ್ಡ ನಿಂತೆ? ಊರಿನೋರ ಹತ್ರ ಎಲ್ಲ ಬೈಸ್ಕೊಂಡು, ಎಲ್ಲರನ್ನೂ ಬಿಟ್ಟು, ಯಾಕೆ ಉಳಿಸ್ಕೊಂಡೆ ಅದನ್ನ?”

ಅಮ್ಮ ಹಿಟ್ಟಿನ ಪಾತ್ರೆಯ ಮುಂದೆ ಕೂತಳು. ಕೈಗೆ ನೀರು ಸವರಿಕೊಂಡಳು.

“ಒಡೆಸಿದ್ರೆ ಹೌದು ಅಂತ ಒಪ್ಕೊಂಡಂಗೆ ಆಗ್ತಿತ್ತು. ಆಮೇಲೆ ನೀನೂ ನಂಬ್ತಿದ್ದೆ, ನಮ್ಮಮ್ಮನೇ ನಮ್ಮಪ್ಪನ್ನ ಕೊಂದ್ಲು ಅಂತ.”

ದೊಡ್ಡಪ್ಪ, ದೊಡ್ಡಮ್ಮ, ಅತ್ತೆ, ಆ ದಿಕ್ಸೂಚಿಯವನು, ಹಿತ್ತಿಲು ನೋಡಿ ಬಂದ ನೆಂಟರು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಬೇಕೆನಿಸಿತು. ಸಮ್ಮಟಿಗೆ ಯಾಕೆ ತಂದಿರಿ, ಅದಕ್ಕಿಂತ ಮೊದಲೇ ಒಡೆದು ಮುಗಿಸಿದ್ದಿರಲ್ಲ ಎಂದು. ಯಾರನ್ನು ಬೈದು ಏನು ಬಂತು? ಬಿಸಿಲು ಏರುತ್ತಿತ್ತು, ಹಿಟ್ಟು ಆರುತ್ತಿತ್ತು. ಪಾತ್ರೆಯನ್ನು ಅವಳ ಮುಂದಿನಿಂದ ಕಿತ್ತುಕೊಂಡು, ಹಿತ್ತಿಲಿಗೆ ಹೋಗಿ, ಒಬ್ಬಳೇ ಮೇಲೆ ಹತ್ತಿದೆ. ವಕ್ರವಕ್ರವಾಗಿ ಸಂಡಿಗೆ ಹಾಕಿದೆ. ಕೆಳಗಿನಿಂದ ಅಮ್ಮ, “ಹತ್ತಿರ ಹತ್ತಿರ ಹಾಕ್ಬೇಡ್ವೇ, ಅಂಟ್ಕೊಳ್ತಾವೆ” ಎಂದು ಕೂಗಿ ಹೇಳುತ್ತಿದ್ದಳು. ಅಡುಗೆಮನೆಯ ಬಾಗಿಲು ದಾಟಿ ಅವಳು ಈಚೆಗೆ ಬರಲಿಲ್ಲ.

ನಾನು ಮದುವೆಯಾಗಿ ಇದೇ ಶಿವಮೊಗ್ಗದಲ್ಲಿ ಬೇರೆ ಬೀದಿಗೆ ಬಂದೆ. ಅಮ್ಮ ಕೊನೆಯವರೆಗೂ ಆ ಮನೆಯಲ್ಲೇ ಇದ್ದಳು. ಬಾಡಿಗೆಯವರು ಬಂದರು, ಹೋದರು, ಅವರ ಮಕ್ಕಳೆಲ್ಲ ಆ ಮೆಟ್ಟಿಲಿನ ಮೇಲೆ ಓಡಾಡಿ ಬೆಳೆದರು. ತನ್ನ ಮನೆಯ ತಾರಸಿ ಹೇಗಿದೆ ಎಂದು ಅಮ್ಮ ಒಮ್ಮೆಯೂ ನೋಡದೆ ಹೋದಳು.